ಅಮ್ಮಂದಿರ ಹೃದಯಕ್ಕೂ ಒಂದು ಎಕೋ ಮಾಡಿಸಿ

ಮನೆಯ ಹುಡುಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಜೀನ್ ದೋಷದಿಂದ ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ, ಇದೆ ಅಂತ ಗೊತ್ತಾದ ಮೇಲೆ ಅವನ ಅಮ್ಮನನ್ನು ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ತವರಿನ ಕಡೆ ಯಾರಿಗಾದರೂ ಈ ಥರ ಇತ್ತಾ? ಇನ್ನೊಂದು ಮಗು ಮಾಡಿಕೊಳ್ಳುವ ಯೋಚನೆ ಇದೆಯಾ? ಅಲ್ಲಿಗೆ ಅವಳ ವಿಚಾರಣೆ ಮುಗೀತು. ನಿಮಗೆ ಮೆಟ್ಟಿಲು ಹತ್ತೋಕೆ ಆಗುತ್ತಾ, ನೆಲದಿಂದ ಏಳುವಾಗ ಮಂಡಿ ಮೇಲೆ ಕೈ ಊರಬೇಕಾ, ಮಲಗಿದಾಗ ಎದೆ ಡವಡವ ಅನ್ನುತ್ತಾ ಅಂತ ಕೇಳಿದವರನ್ನು ನಾನು ಬಹಳ ವರ್ಷ ನೋಡಲೇ ಇಲ್ಲ. ಹೆಂಗಸಿನ ಮೈಯನ್ನು ಈ ಕಾಯಿಲೆಯ ವಿಷಯದಲ್ಲಿ ಹೆರುವುದಕ್ಕೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನ್ನ ಸಿಟ್ಟೆಲ್ಲ ಇದರ ಮೇಲೆ.

ನನ್ನ ತಮ್ಮನಿಗೆ ಡಿಎಂಡಿ ಇತ್ತು (ನಾವೆಲ್ಲ ಹೀಗೇ ಅನ್ನೋದು, ಪೂರ್ತಿ ಹೆಸರು ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ). ಚಿಕ್ಕವನಿದ್ದಾಗಲೇ ಪದೇಪದೇ ಬೀಳುತ್ತಿದ್ದ, 11ಕ್ಕೆ ವೀಲ್‌ಚೇರ್ ಬಂತು, 21ಕ್ಕೆ ಹೋದ. ಅವನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇವತ್ತಿನ ಮಾತು ಅವನನ್ನು ಎತ್ತಿ ಇಳಿಸಿದವರದು.

ಅಮ್ಮ ಅವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ವಾಪಸ್ ಮಂಚಕ್ಕೆ ದಿನಾ ಹೊತ್ತಳು. ಅವಳಿಗೆ ತೊಡೆ ನೋವು, ಸೊಂಟ ನೋವು, ಸಾಯಂಕಾಲ ಆದರೆ ಕಾಲು ಎಳೆದು ಹಾಕುವ ಹಾಗೆ ನಡಿಗೆ. ಕೇಳಿದರೆ, 'ಅಷ್ಟುದ್ದದ ಹುಡುಗನ್ನ ಎತ್ತಿದ್ರೆ ಯಾರಿಗೆ ನೋವು ಬರಲ್ಲ ಹೇಳು' ಅನ್ನುತ್ತಿದ್ದಳು. ನಾವೂ ಒಪ್ಪಿಕೊಂಡಿದ್ದೆವು, ಡಾಕ್ಟರೂ ಒಪ್ಪಿಕೊಂಡಿದ್ದರು. ಕಾರಣ ಕಣ್ಣೆದುರಿಗೇ ಇರುವಾಗ ಇನ್ನೊಂದು ಕಾರಣ ಹುಡುಕುವವರು ಯಾರು? ಅವನು ಹೋಗಿ ಎಷ್ಟೋ ಕಾಲ ಆದ ಮೇಲೂ, ಎತ್ತೋಕೆ ಯಾರೂ ಇಲ್ಲದಿದ್ದರೂ, ಅವಳ ಕಾಲು ಹಾಗೇ ಇತ್ತು. ಆಗ ಅದಕ್ಕೆ 'ವಯಸ್ಸಾಯ್ತು' ಅಂತ ಹೆಸರು ಬಂತು.

ನನ್ನದು ಶುರುವಾಗಿದ್ದು ಮೂವತ್ತೈದರ ಆಸುಪಾಸಿನಲ್ಲಿ. ನಾನು ಹೈಸ್ಕೂಲ್ ಟೀಚರ್. ಮೊದಲು ಗೊತ್ತಾಗಿದ್ದು ಬ್ಲ್ಯಾಕ್‌ಬೋರ್ಡ್ ಮುಂದೆ. ಮೇಲಿನ ಸಾಲು ಬರೆಯುವಾಗ ಬಲಗೈ ತಾನಾಗೇ ಕೆಳಗೆ ಜಾರುತ್ತಿತ್ತು, ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟು ಬರೆಯೋಕೆ ಶುರು ಮಾಡಿದೆ. ಆಮೇಲೆ ತಾರೀಕು, ಹಾಜರಿ ಬರೆಯುವ ಕೆಲಸ ಎತ್ತರದ ಹುಡುಗರಿಗೆ ವಹಿಸಿದೆ, ಅವರಿಗೂ ಖುಷಿ. ಮೇಲಿನ ಮಹಡಿಯ ಕ್ಲಾಸಿಗೆ ಬೆಲ್ ಹೊಡೆಯುವ ಮುಂಚೆಯೇ ಹೊರಡುತ್ತಿದ್ದೆ, ಕಂಬಿ ಹಿಡಿದು ಹತ್ತುವುದನ್ನು ಯಾರೂ ನೋಡಬಾರದು ಅಂತ. ಕೆಂಪು ಬಸ್ಸಿನ ಮೊದಲ ಮೆಟ್ಟಿಲಂತೂ ನನಗೆ ಬೆಟ್ಟ. ಮದುವೆ ಮನೆಯಲ್ಲಿ ನೆಲದ ಪಂಕ್ತಿ ಅಂದರೆ 'ನಾನು ಆಮೇಲೆ ಕೂರ್ತೀನಿ, ಬಡಿಸ್ತೀನಿ' ಅಂತ ಜಾರಿಕೊಳ್ಳುತ್ತಿದ್ದೆ. ಇನ್ನೊಂದು ವಿಚಿತ್ರ ಅಂದರೆ ಲೆಗ್ಗಿಂಗ್ಸ್. ಒಂದೇ ಅಳತೆಯ ಬಟ್ಟೆ ಬಲಗಾಲಿನ ಮೀನಖಂಡದ ಹತ್ತಿರ ಬಿಗಿ, ಎಡಗಾಲಿಗೆ ಸಡಿಲ. ತಮ್ಮನ ಮೀನಖಂಡ ಹೀಗೇ ಉಬ್ಬಿಕೊಂಡಿತ್ತು. ಅದು ನೋಡೋಕೆ ಗಟ್ಟಿಮುಟ್ಟು, ಒಳಗೆ ಸ್ನಾಯು ಸವೆದು ಕೊಬ್ಬು ತುಂಬಿರುತ್ತದೆ. ಹುಡುಗರಲ್ಲಿ ಎರಡೂ ಕಾಲಿಗೆ ಒಂದೇ ಸಮ ಬರುತ್ತದೆ, ಹೆಂಗಸರಲ್ಲಿ ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಮ್ಮಿ ಆಗುವುದು ಮಾಮೂಲಿ ಅಂತ ಆಮೇಲೆ ತಿಳಿಯಿತು.

ಹಾಗಾದರೆ ಇದು ಗಂಡುಮಕ್ಕಳಿಗೆ ಮಾತ್ರ ಬರುವುದು ಅಂತ ಸ್ಕೂಲ್ ಪುಸ್ತಕದಲ್ಲಿ ಇದೆಯಲ್ಲ? ಇದೆ. ವಂಶವೃಕ್ಷದ ಚಿತ್ರದಲ್ಲಿ ಹೆಣ್ಣಿಗೆ ಒಂದು ವೃತ್ತ, ಕ್ಯಾರಿಯರ್ (ಕೆಟ್ಟ ಜೀನ್ ಹೊತ್ತವಳು) ಆದರೆ ಒಳಗೊಂದು ಚುಕ್ಕೆ. 'ಇವರು ಆರೋಗ್ಯವಾಗಿರುತ್ತಾರೆ, ಗಂಡುಮಕ್ಕಳಿಗೆ ದಾಟಿಸುತ್ತಾರೆ' ಅಂತ ಪಕ್ಕದಲ್ಲಿ ಒಂದು ಸಾಲು. ಪರೀಕ್ಷೆಗೆ ಸಾಕು. ಮೈಗೆ ಸಾಲದು.

ಡಿಸ್ಟ್ರೋಫಿನ್ ಅನ್ನೋದು ಸ್ನಾಯುಕೋಶದ ಗೋಡೆ ಹರಿಯದಂತೆ ಹಿಡಿದುಕೊಳ್ಳುವ ಪ್ರೋಟೀನು. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಮನುಷ್ಯರಲ್ಲಿರುವ ಅತಿ ಉದ್ದದ ಜೀನುಗಳಲ್ಲಿ ಒಂದು ಅದು, ಸುಮಾರು 22 ಲಕ್ಷ ಡಿಎನ್ಎ ಅಕ್ಷರ, 79 ಎಕ್ಸಾನ್ (ಪ್ರೋಟೀನು ಮಾಡುವ ಸೂಚನೆ ಇರುವ ತುಂಡುಗಳು). ಇಷ್ಟು ಉದ್ದ ಇರುವುದಕ್ಕೇ ಅಲ್ಲಲ್ಲಿ ತುಂಡು ಬಿಟ್ಟುಹೋಗುವುದೂ ಜಾಸ್ತಿ. ಹುಡುಗರಿಗೆ ಇರುವುದು ಒಂದೇ ಎಕ್ಸ್, ಅದು ಕೆಟ್ಟರೆ ಕೆಟ್ಟ ಹಾಗೇ. ನಮಗೆ ಎರಡಿದೆ. ಆದರೆ ಎರಡೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಹೆಣ್ಣುಮಗು ಇನ್ನೂ ಕೆಲವೇ ದಿನದ ಭ್ರೂಣ ಆಗಿರುವಾಗ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿ ಹಾಕುತ್ತದೆ. ಯಾವುದನ್ನು ಅನ್ನುವುದು ಸಾಮಾನ್ಯವಾಗಿ ಆಕಸ್ಮಿಕ. ಇದನ್ನು 1961ರಲ್ಲಿ ಹೇಳಿದ್ದು ಬ್ರಿಟನ್ನಿನ ಮೇರಿ ಲಿಯಾನ್ ಅನ್ನುವ ವಿಜ್ಞಾನಿ. ಹಾಗಾಗಿ ನನ್ನ ಮೈ ಒಂದು ಕೌದಿ. ಕೆಲವು ತುಂಡಿನಲ್ಲಿ ಅಪ್ಪನಿಂದ ಬಂದ ಒಳ್ಳೇ ಎಕ್ಸ್ ಕೆಲಸ ಮಾಡುತ್ತಿದೆ, ಇನ್ನು ಕೆಲವು ತುಂಡಿನಲ್ಲಿ ಅಮ್ಮನಿಂದ ಬಂದ ಕೆಟ್ಟದ್ದು. ತುಂಡುಗಳು ಸಮಸಮ ಹಂಚಿಕೊಂಡರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ. ಒಳ್ಳೇ ಎಕ್ಸ್ ಜಾಸ್ತಿ ಕಡೆ ಮುಚ್ಚಿಹೋದರೆ ನನ್ನ ಹಾಗೆ.

ಕೈಕಾಲಿನ ಸ್ನಾಯುವಿಗೆ ಒಂದು ಅನುಕೂಲ ಇದೆ. ಅದರ ಒಂದೊಂದು ನಾರಿನಲ್ಲೂ ನೂರಾರು ನ್ಯೂಕ್ಲಿಯಸ್ ಇರುತ್ತವೆ, ಒಂದು ಮಾಡದಿದ್ದರೆ ಪಕ್ಕದ್ದು ಡಿಸ್ಟ್ರೋಫಿನ್ ಮಾಡಿ ಕೊಡುತ್ತದೆ. ಹೃದಯದ ಸ್ನಾಯುಕೋಶದಲ್ಲಿ ಇರುವುದು ಒಂದೋ ಎರಡೋ ನ್ಯೂಕ್ಲಿಯಸ್. ಅಲ್ಲಿ ಈ ಹಂಚಿಕೊಳ್ಳುವ ಆಟ ಅಷ್ಟಾಗಿ ನಡೆಯಲ್ಲ. ಕಾಲು ಗಟ್ಟಿ ಇದ್ದೂ ಹೃದಯ ಮಾತ್ರ ಸೋಲುವ ಹೆಂಗಸರೂ ಇದ್ದಾರೆ. ಈ ಬರಹದಲ್ಲಿ ಒಂದೇ ಸಾಲು ಓದುತ್ತೀರಿ ಅಂದರೆ ಅದನ್ನೇ ಓದಿ.

1999ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ನೆದರ್ಲೆಂಡ್ಸಿನಲ್ಲಿ ಡುಶೆನ್ ಮತ್ತು ಬೆಕರ್ (ಅದೇ ಜೀನಿನ ಸೌಮ್ಯ ರೂಪದ ಕಾಯಿಲೆ) ಕ್ಯಾರಿಯರ್ ಆಗಿದ್ದ 129 ಹೆಂಗಸರನ್ನು ಕೂರಿಸಿ ಪರೀಕ್ಷೆ ಮಾಡಿದರು. 22 ಪರ್ಸೆಂಟ್ ಜನರಿಗೆ ಏನೋ ಒಂದು ಲಕ್ಷಣ ಇತ್ತು, 17 ಪರ್ಸೆಂಟ್ ಜನರಿಗೆ ಸ್ನಾಯು ದುರ್ಬಲ. ಡುಶೆನ್ ಕ್ಯಾರಿಯರುಗಳಲ್ಲಿ 8 ಪರ್ಸೆಂಟ್ ಜನರ ಹೃದಯ ಹಿಗ್ಗಿ ಪಂಪ್ ಮಾಡುವ ಶಕ್ತಿ ಕಳೆದುಕೊಂಡಿತ್ತು. ಇವರೆಲ್ಲ ಪುಸ್ತಕದ ಪ್ರಕಾರ ಆರೋಗ್ಯವಂತರು!

ತಮಾಷೆ ಏನು ಗೊತ್ತಾ? 'ಹೆಣ್ಣುಮಕ್ಕಳಿಗೆ ಬರಲ್ಲ' ಅನ್ನುವ ಈ ಕಾಯಿಲೆಯ ಜೀನ್ ಎಲ್ಲಿದೆ ಅಂತ ದಾರಿ ತೋರಿಸಿದ್ದೇ ಹುಡುಗಿಯರು. ತೀರಾ ಅಪರೂಪಕ್ಕೆ ಕೆಲವು ಹುಡುಗಿಯರಲ್ಲಿ ಎಕ್ಸ್ ಕ್ರೋಮೋಸೋಮ್ ಮುರಿದು ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದನ್ನು ಮುಚ್ಚಿದರೆ ಆ ಇನ್ನೊಂದರ ಜೀನ್‌ಗಳೂ ಮುಚ್ಚಿಹೋಗುತ್ತವೆ, ಅಂಥ ಕೋಶ ಬದುಕಿ ಉಳಿಯುವುದು ಕಷ್ಟ. ಹಾಗಾಗಿ ಕೊನೆಗೆ ಉಳಿಯುವುದು ಒಳ್ಳೇ ಎಕ್ಸ್ ಮುಚ್ಚಿಕೊಂಡ ಕೋಶಗಳೇ. ಹುಡುಗಿಗೆ ಹುಡುಗರ ಹಾಗೇ ಪೂರ್ತಿ ಡುಶೆನ್. ಬೇರೆ ಬೇರೆ ಊರಿನ ಇಂಥ ಹುಡುಗಿಯರನ್ನೆಲ್ಲ ನೋಡಿದಾಗ ಎಕ್ಸ್ ಮುರಿದ ಜಾಗ ಎಲ್ಲರಲ್ಲೂ ಒಂದೇ ಆಗಿತ್ತು. ಟೊರಾಂಟೊದ ರೊನಾಲ್ಡ್ ವರ್ಟನ್ ಅವರ ತಂಡ ಅಂಥ ಒಬ್ಬ ಹುಡುಗಿಯ ಕ್ರೋಮೋಸೋಮನ್ನೇ ಹಿಡಿದು ಹುಡುಕಿತು. ಬಾಸ್ಟನ್ನಿನ ಲೂಯಿ ಕುಂಕೆಲ್ ತಂಡ ಒಬ್ಬ ಹುಡುಗನಲ್ಲಿ ಬಿಟ್ಟುಹೋಗಿದ್ದ ತುಂಡಿನಿಂದ ಹೊರಟು 1986ರಲ್ಲಿ ಜೀನ್ ಹಿಡಿಯಿತು, ಮರುವರ್ಷ ಡಿಸ್ಟ್ರೋಫಿನ್ ಸಿಕ್ಕಿತು. ನಮ್ಮೂರಿನ ಕ್ಲಿನಿಕ್ಕುಗಳಿಗೆ ಆ ಹುಡುಗಿಯರ ಕಥೆ ಇನ್ನೂ ತಲುಪಿಲ್ಲ.

ತಲುಪಿಲ್ಲ ಅಂತ ಯಾಕೆ ಹೇಳುತ್ತೇನೆ ಅಂದರೆ, ನನ್ನ ಸುಸ್ತಿಗೆ ಮೊದಲು ಸಿಕ್ಕಿದ ಉತ್ತರ ವಿಟಮಿನ್ ಡಿ. ಆಮೇಲೆ ಬಿ12. ಆಮೇಲೆ ಥೈರಾಯ್ಡ್. ಒಂದು ರಕ್ತ ಪರೀಕ್ಷೆಯಲ್ಲಿ ಎಸ್‌ಜಿಓಟಿ, ಎಸ್‌ಜಿಪಿಟಿ ಜಾಸ್ತಿ ಬಂತು, ಲಿವರ್ ಸರಿ ಇಲ್ಲ ಅಂತ ತಿಂಗಳುಗಟ್ಟಲೆ ಟಾನಿಕ್ ಕುಡಿಸಿದರು. ಸ್ಕ್ಯಾನ್ ಮಾಡಿದರೆ ಲಿವರ್ ಚೆನ್ನಾಗೇ ಇದೆ. ಈ ಎರಡು ಕಿಣ್ವ ಸ್ನಾಯುವಿನಲ್ಲೂ ಇರುತ್ತವೆ, ಸ್ನಾಯು ಸವೆದಾಗಲೂ ರಕ್ತಕ್ಕೆ ಸೋರುತ್ತವೆ. ಲಿವರಿನದೇ ತೊಂದರೆಯಾ ಅಂತ ನೋಡೋಕೆ ಜಿಜಿಟಿ ಅಂತ ಇನ್ನೊಂದು ಟೆಸ್ಟ್ ಇದೆ, ಸ್ನಾಯುವಿನಿಂದ ಅದು ಏರುವುದಿಲ್ಲ. ನಾನೇ ಬಾಯಿಬಿಟ್ಟು 'ಡಾಕ್ಟ್ರೇ, ನನ್ನ ತಮ್ಮನಿಗೆ ಡಿಎಂಡಿ ಇತ್ತು, ಒಂದು ಸಿಪಿಕೆ ಮಾಡಿಸೋಣ್ವಾ' ಅಂದೆ (ಸ್ನಾಯು ಸವೆದರೆ ರಕ್ತದಲ್ಲಿ ಏರುವ ಇನ್ನೊಂದು ಕಿಣ್ವದ ಪರೀಕ್ಷೆ ಅದು). 'ಅದು ಗಂಡುಮಕ್ಕಳಿಗೆ ಬರೋದಮ್ಮ' ಅಂದರು. ಒಳ್ಳೇ ಮನುಷ್ಯರೇ, ಚೀಟಿ ಬರೆದುಕೊಟ್ಟರು. ಇನ್ನೂರರೊಳಗೆ ಇರಬೇಕಾದದ್ದು ಸಾವಿರ ದಾಟಿತ್ತು.

ಆದರೆ ಸಿಪಿಕೆ ಸರಿ ಬಂತು ಅಂತ ಯಾರೂ ನಿಶ್ಚಿಂತೆಯಿಂದ ಕೂರಬೇಡಿ. ಕ್ಯಾರಿಯರ್‌ಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಅದು ಏರಿರುತ್ತದೆ, ವಯಸ್ಸಾದಂತೆ ಇಳಿಯುತ್ತದೆ, ಬಸುರಿನಲ್ಲೂ ಇಳಿಯಬಹುದು. ಖಚಿತ ಆಗಬೇಕಾದರೆ ಜೀನ್ ಟೆಸ್ಟೇ. ಮೊದಲು ಎಂಎಲ್‌ಪಿಎ ಅನ್ನೋದು, ಅದು ತುಂಡು ಬಿಟ್ಟುಹೋಗಿದ್ದರೆ ಅಥವಾ ಎರಡು ಸಲ ಬಂದಿದ್ದರೆ ಹಿಡಿಯುತ್ತದೆ. ಅದರಲ್ಲಿ ಸಿಗದಿದ್ದರೆ ಇಡೀ ಜೀನ್ ಓದುವ ಸೀಕ್ವೆನ್ಸಿಂಗ್. ಮನೆಯ ಹುಡುಗನ ಹಳೇ ರಿಪೋರ್ಟ್ ಇದ್ದರೆ ಕೆಲಸ ಬಹಳ ಸಲೀಸು, ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರುತ್ತದೆ. ನನ್ನ ತಮ್ಮನ ರಿಪೋರ್ಟನ್ನು ಅಮ್ಮ ಅವನ ಮಾರ್ಕ್ಸ್‌ಕಾರ್ಡ್ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಳು. ದಯವಿಟ್ಟು ಇಂಥ ಕಾಗದ ಎಸೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು-ನರದ ಕಾಯಿಲೆಗೆ ಅಂತಲೇ ಕ್ಲಿನಿಕ್ ಇದೆ. ಕಾಯಬೇಕು, ಆದರೆ ಅಲ್ಲಿ 'ಹೆಂಗಸರಿಗೆ ಬರಲ್ಲ' ಅನ್ನುವ ಮಾತು ಮತ್ತೆ ಕೇಳಬೇಕಾಗಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ನಮ್ಮ ಕಡೆ ಯಾವ ಮಗುವಿಗೆ ಏನೇ ಆದರೂ 'ಸೋದರಮಾವನ್ನ ಕಟ್ಕೊಂಡಳಲ್ಲ, ಅದಕ್ಕೇ' ಅಂತ ತೀರ್ಪು ಬಂದುಬಿಡುತ್ತದೆ. ನಮ್ಮಮ್ಮನಿಗೂ ಇದನ್ನು ಅಂದಿದ್ದಾರೆ, ಅವಳು ಮದುವೆಯಾಗಿದ್ದು ಸೋದರಮಾವನನ್ನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಸೊಂಟ, ಭುಜದ ಸ್ನಾಯು ಸವೆಯುವ ಕೆಲವು ಲಿಂಬ್ ಗರ್ಡಲ್ ಥರದ ಡಿಸ್ಟ್ರೋಫಿಗಳಿಗೆ ರಕ್ತಸಂಬಂಧದ ಮದುವೆ ನಿಜಕ್ಕೂ ಕಾರಣ ಆಗಬಹುದು. ಡುಶೆನ್‌ಗೆ ಅಲ್ಲ. ಅದು ತಾಯಿಯ ಎಕ್ಸ್‌ನಿಂದ ಬರುವುದು, ಅವಳು ಯಾರನ್ನು ಮದುವೆಯಾದರೂ ಅಷ್ಟೇ. ಮೂರರಲ್ಲಿ ಒಂದು ಹುಡುಗನಿಗಂತೂ ತಾಯಿಯ ರಕ್ತದಲ್ಲೂ ದೋಷ ಇರುವುದಿಲ್ಲ, ಹೊಸದಾಗಿ ಆಗಿರುತ್ತದೆ. ಅಂಥ ತಾಯಿಯ ಅಂಡಾಣುಗಳಲ್ಲಿ ಕೆಲವದರಲ್ಲಿ ಮಾತ್ರ ದೋಷ ಅಡಗಿರುವ ಸಾಧ್ಯತೆ ಇರುವುದರಿಂದ ಮುಂದಿನ ಬಸುರಿನಲ್ಲೂ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. 1994ರ ಕಾನೂನು ಲಿಂಗಪತ್ತೆಯನ್ನು ನಿಷೇಧಿಸಿದ್ದರೂ ಇಂಥ ಕಾಯಿಲೆಗಾಗಿ ನೋಂದಾಯಿತ ಕೇಂದ್ರದಲ್ಲಿ ಭ್ರೂಣದ ಜೀನ್ ಪರೀಕ್ಷೆಗೆ ಅವಕಾಶ ಇಟ್ಟಿದೆ. ಇನ್ನು ಬೆಕರ್ ಇರುವ ಗಂಡಸರಿಗೆ ಮಕ್ಕಳಾಗುತ್ತವೆ, ಅವರ ಹೆಣ್ಣುಮಕ್ಕಳೆಲ್ಲ ಕ್ಯಾರಿಯರ್‌ಗಳೇ, ಟೆಸ್ಟ್ ಮಾಡದೆಯೇ ಹೇಳಬಹುದು.

ಸರಿ, ಹೃದಯಕ್ಕೆ ಬರೋಣ. 2005ರಲ್ಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ: ಕ್ಯಾರಿಯರ್ ಹೆಂಗಸರು ಹದಿಹರೆಯದ ಕೊನೆಗೆ ಅಥವಾ ಯೌವನದಲ್ಲಿ ಒಂದು ಸಲ ಹೃದಯ ತೋರಿಸಬೇಕು, 25-30ರಿಂದ ಮುಂದೆ ಕಡೇಪಕ್ಷ 5 ವರ್ಷಕ್ಕೊಮ್ಮೆ ತೋರಿಸಬೇಕು, ಏನೂ ತೊಂದರೆ ಇಲ್ಲದಿದ್ದರೂ. 2018ರ ಡುಶೆನ್ ಮಾರ್ಗಸೂಚಿ ಅದನ್ನು 3ರಿಂದ 5 ವರ್ಷ ಅಂದಿತು. ಎಕೋ (ಶಬ್ದದ ಅಲೆಯಿಂದ ಮಾಡುವ ಹೃದಯದ ಸ್ಕ್ಯಾನ್) ಸರಿ ಇದ್ದೂ ಹೃದಯದ ಎಂಆರ್‌ಐನಲ್ಲಿ ಗಾಯದ ಕಲೆ ಕಾಣುವುದುಂಟು, ಆದ್ದರಿಂದ ಸಾಧ್ಯ ಆದರೆ ಅದೂ. ಎಲ್ಲರಿಗೂ ಸಾಧ್ಯ ಆಗಲ್ಲ ಅಂತ ನನಗೂ ಗೊತ್ತು, ಹಾಗಾದರೆ ಇಸಿಜಿ ಮತ್ತು ಎಕೋನಾದರೂ ಮಾಡಿಸಿ. ತಾಲ್ಲೂಕಿನಲ್ಲಿ ಇಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿ ಎಲ್ಲಾದರೂ ಸಿಗುತ್ತದೆ.

ನನ್ನ ಎಕೋದಲ್ಲಿ ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ದೂಡುವ ರಕ್ತದ ಪಾಲು) 48 ಪರ್ಸೆಂಟ್ ಬಂತು. 55ರ ಮೇಲಿರಬೇಕಿತ್ತು. ನನಗೆ ಎದೆನೋವು ಅಂತ ಒಂದು ದಿನವೂ ಬಂದಿರಲಿಲ್ಲ, ಏದುಸಿರು ಬರುವುದು ಕಾಲಿನ ದೆಸೆಯಿಂದ ಅಂದುಕೊಂಡು ಓಡಾಡುತ್ತಿದ್ದೆ. ರಾಮಿಪ್ರಿಲ್ ಶುರು ಮಾಡಿದರು, ಜೊತೆಗೆ ಒಂದು ಬೀಟಾ ಬ್ಲಾಕರ್. ರಾಮಿಪ್ರಿಲ್‌ನಿಂದ ಒಣಕೆಮ್ಮು ಹತ್ತಿಕೊಂಡು ಮಕ್ಕಳು ಹಿಂದಿನ ಬೆಂಚಿನಲ್ಲಿ ನನ್ನ ಥರ ಕೆಮ್ಮಿ ನಗೋಕೆ ಶುರು ಮಾಡಿದರು, ಡಾಕ್ಟರು ಲೊಸಾರ್ಟಾನ್‌ಗೆ ಬದಲಾಯಿಸಿದರು, ಕೆಮ್ಮು ಹೋಯಿತು. ಇವೇನೂ ದುಬಾರಿ ಮಾತ್ರೆಗಳಲ್ಲ, ಬಿಪಿಗೆ ಅಂತ ಅರ್ಧ ಊರು ನುಂಗುವಂಥವು. ಹೃದಯ ಹಿಗ್ಗುವ ವೇಗ ತಗ್ಗಿಸೋಕೆ ಇವನ್ನೇ ಕೊಡುವುದು. ಆದರೆ ರಾಮಿಪ್ರಿಲ್, ಲೊಸಾರ್ಟಾನ್ ಎರಡರಲ್ಲಿ ಯಾವುದನ್ನೂ ಬಸುರಿನಲ್ಲಿ ತೆಗೆದುಕೊಳ್ಳುವ ಹಾಗಿಲ್ಲ, ಮಗುವಿಗೆ ಅಪಾಯ. ಮಗು ಬೇಕು ಅನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಬಸುರು, ಹೆರಿಗೆ ಎರಡೂ ಹೃದಯಕ್ಕೆ ಭಾರ ಬೇರೆ, ಆದ್ದರಿಂದ ಎಕೋ ಮಾಡಿಸೋಕೆ ಸರಿಯಾದ ಸಮಯ ಬಸುರಿಗೂ ಮುಂಚೆ.

ಆಪರೇಷನ್ ಏನಾದರೂ ಇದ್ದರೆ, ಸಿಸೇರಿಯನ್ ಆಗಲಿ ಗರ್ಭಕೋಶದ್ದಾಗಲಿ, ಅರಿವಳಿಕೆ ಕೊಡುವವರಿಗೆ 'ನಾನು ಡುಶೆನ್ ಕ್ಯಾರಿಯರ್' ಅಂತ ಬಾಯಿಬಿಟ್ಟು ಹೇಳಿ. ಸಕ್ಸಿನೈಲ್‌ಕೋಲಿನ್ ಅನ್ನೋ ಔಷಧಿ ಮತ್ತು ಉಸಿರಿನಲ್ಲಿ ಎಳೆದುಕೊಳ್ಳುವ ಕೆಲವು ಅರಿವಳಿಕೆ ಅನಿಲಗಳು ಡಿಸ್ಟ್ರೋಫಿ ಇರುವ ಸ್ನಾಯುವನ್ನು ಒಮ್ಮೆಲೇ ಒಡೆದುಬಿಡಬಹುದು. ಅವರು ಬೇರೆ ದಾರಿ ಹಿಡಿಯುತ್ತಾರೆ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಒಂದು ಚೀಟಿ ಬರೆದು ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಂಡಿದ್ದೇನೆ.

ವ್ಯಾಯಾಮದ ಬಗ್ಗೆ ಎಲ್ಲರೂ ಸಲಹೆ ಕೊಡುತ್ತಾರೆ. ಜಿಮ್ಮಿಗೆ ಹೋಗಿ ಭಾರ ಎತ್ತು ಅನ್ನುವವರೂ ಇದ್ದಾರೆ, ಮಲಗೇ ಇರು ಅನ್ನುವವರೂ ಇದ್ದಾರೆ. ಎರಡೂ ಬೇಡ. ಸಮತಟ್ಟು ರಸ್ತೆಯಲ್ಲಿ ನಡಿಗೆ, ನೀರು ಸಿಕ್ಕರೆ ಈಜು, ಮಾರನೇ ದಿನ ಮೈ ನೋವು ಬಂದರೆ ನಿನ್ನೆ ಜಾಸ್ತಿ ಆಯ್ತು ಅಂತ ಅರ್ಥ. ಇಳಿಜಾರು ಇಳಿಯುವುದು ಹತ್ತುವುದಕ್ಕಿಂತ ಸ್ನಾಯುವಿಗೆ ಕೆಟ್ಟದ್ದು ಅಂತ ಫಿಸಿಯೋ ಹೇಳಿದಾಗ ನಂಬೋಕೆ ಕಷ್ಟ ಆಯ್ತು, ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ಹಿಡಿದುಕೊಳ್ಳಬೇಕಂತೆ, ಹರಿಯುವುದು ಆಗಲೇ. ಸ್ಕೂಲಿನಲ್ಲಿ ಕೆಳಗಿನ ಮಹಡಿಯ ಕ್ಲಾಸ್ ಕೇಳಿ ತಗೊಂಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ, ಹೆಣ್ಣು ಗಂಡು ಅಂತ ಅದರಲ್ಲಿ ಬರೆದಿಲ್ಲ. ಸರ್ಟಿಫಿಕೇಟಿಗೆ ಹೋದಾಗ ಬೋರ್ಡಿನವರು ನನ್ನನ್ನೂ ಕಾಗದವನ್ನೂ ನೋಡಿ 'ಪೇಷಂಟ್ ಎಲ್ಲಿ?' ಅಂದರು. ನಕ್ಕುಬಿಟ್ಟೆ, ಏನು ಮಾಡೋದು.

ಈಗ ಕಷ್ಟದ ವಿಷಯ. ನನ್ನ ರಿಪೋರ್ಟ್ ಬಂದ ಮೇಲೆ ಅಮ್ಮನ ತಂಗಿ, ಅವಳ ಮಗಳು ಇಬ್ಬರೂ ಲೆಕ್ಕಕ್ಕೆ ಬಂದರು. ಚಿಕ್ಕಮ್ಮ ಫೋನಿನಲ್ಲೇ ಹೇಳಿದಳು, 'ನನ್ನ ಮಗಳಿಗೆ ಗಂಡು ನೋಡ್ತಿದೀವಿ, ಈಗ ಆ ಮಾತೆಲ್ಲ ಎತ್ತಬೇಡ ಕಣೇ.' ಚಿಕ್ಕಮ್ಮನನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ. ಹೆಣ್ಣು ನೋಡೋಕೆ ಬಂದವರು ಬಣ್ಣ ಕೇಳುತ್ತಾರೆ, ಜಾತಕ ಕೇಳುತ್ತಾರೆ, ಇನ್ನು ಕ್ರೋಮೋಸೋಮ್ ಬೇರೆ ಕೇಳಿದರೆ? ಆದರೆ ಅವಳ ಮಗಳು, ಅಂದರೆ ನನ್ನ ತಂಗಿ, 26ರವಳು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳೇ ರಾತ್ರಿ ಫೋನ್ ಮಾಡಿದಳು. 'ಅಕ್ಕ, ರಿಪೋರ್ಟ್ ಬಂದ್ರೆ ಅಮ್ಮ ಅದನ್ನ ಜಾತಕದ ಜೊತೆ ಇಡ್ತಾಳಾ?' ಅಂತ ತಮಾಷೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಓಡಿದರೆ ಕಾಲು ಸೆಳೆತ ಬರುತ್ತೆ ಅಂದಳು.

ನಾನು ಅವಳಿಗೆ ಹೇಳಿದ್ದು ಇಷ್ಟೇ. ಜೀನ್ ಟೆಸ್ಟ್ ನಿನ್ನ ಇಷ್ಟ, ಯಾವಾಗ ಮಾಡಿಸಬೇಕು, ಯಾರಿಗೆ ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು, ಮೊದಲು ಒಬ್ಬ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡು. ಲಕ್ಷಣ ಇಲ್ಲದ ಚಿಕ್ಕ ಹುಡುಗಿಯರಿಗೆ 18 ತುಂಬುವವರೆಗೆ ಆ ಟೆಸ್ಟ್ ಬೇಡ ಅಂತ ಜೆನೆಟಿಕ್ಸ್ ಡಾಕ್ಟರುಗಳು ಹೇಳುವುದೂ ಇದಕ್ಕೇ, ಅವಳ ವಿಷಯ ಅವಳೇ ತೀರ್ಮಾನ ಮಾಡಲಿ ಅಂತ. ಆದರೆ ಎಕೋಗೂ ಮದುವೆಗೂ ಸಂಬಂಧ ಇಲ್ಲ. ಅದನ್ನು ಯಾರ ಅಪ್ಪಣೆಯೂ ಕೇಳದೆ ಈ ತಿಂಗಳೇ ಮಾಡಿಸು. ಮಾಡಿಸಿದಳು. ಪಂಪಿಂಗ್ 60, ಎಲ್ಲ ಸರಿ ಇದೆ. ಸಿಪಿಕೆ ಸ್ವಲ್ಪ ಮೇಲಿದೆ. ಜೀನ್ ಟೆಸ್ಟ್ ಯೋಚನೆ ಮಾಡ್ತೀನಿ ಅಂದಿದ್ದಾಳೆ, ನಾನೂ ಒತ್ತಾಯ ಮಾಡಿಲ್ಲ.

ಇನ್ನು ಅಮ್ಮ. ಮಗನಿಗೂ ಮಗಳಿಗೂ ಬಂದಿದೆ ಅಂದ ಮೇಲೆ ಅವಳೂ ಕ್ಯಾರಿಯರ್ ಅನ್ನೋದು ಹೆಚ್ಚುಕಡಿಮೆ ಖಚಿತ. ಎಕೋ ಮಾಡಿಸೋಣ ಅಂದರೆ 'ಈ ವಯಸ್ಸಲ್ಲಿ ನನಗ್ಯಾಕೆ, ನಿನ್ನದು ನೋಡ್ಕೋ' ಅಂತ ಒಂದೇ ಹಟ. ಮುಂದಿನ ವಾರ ಮಂಡಿ ನೋವಿಗೆ ತೋರಿಸೋಕೆ ಜಿಲ್ಲಾಸ್ಪತ್ರೆಗೆ ಬರುತ್ತಾಳೆ. ಅದೇ ಕಟ್ಟಡದಲ್ಲಿ ಕೆಳಗಿನ ಮಹಡಿಯಲ್ಲೇ ಎಕೋ ರೂಮಿದೆ, ಮೆಟ್ಟಿಲು ಹತ್ತೋದು ಬೇಡ ಅಂದಿದ್ದಕ್ಕೆ 'ಹಂಗಾದ್ರೆ ನೋಡೋಣ ಬಿಡು' ಅಂದಿದ್ದಾಳೆ.